ಮಾಧವ ಅಂತ ಕೂಗಿದ್ರೆ

ಒಂದು ಮಾತು ಕೇಳ್ತೇನೆ, ಸುಳ್ಳು ಹೇಳ್ಬಾರ್ದು. ಸಂಜೆ ಹೊತ್ತು ಡೊಂಬಿವಲಿ ಸ್ಟೇಶನಿನ ಬ್ರಿಡ್ಜಿನಲ್ಲಿ, ಚೀಲ ಹರಿದು ಅಕ್ಕಿ ಸುರಿದ ಹಾಗೆ ಜನ ಸುರೀತಾ ಇರುವಾಗ, ಹಿಂದಿನಿಂದ ಯಾರಾದ್ರೂ ನಿಮ್ಮ ಹೆಸರು ಕೂಗಿದ್ರೆ ಎಷ್ಟು ಮಂಡೆ ತಿರುಗ್ತದೆ? ನಿಮ್ಮದೊಂದೇ ಅಂತ ನೀವು ಅಂದ್ಕೊಂಡಿದ್ದೀರಿ. ನಾನು ನಂಬುದಿಲ್ಲ. ಈ ಪ್ರಾಯಕ್ಕೆ ನಾನು ಯಾರನ್ನೂ ಒಂದೇ ಸಲಕ್ಕೆ ನಂಬುದಿಲ್ಲ. ಹಾಲಿನವನನ್ನು ನಂಬುದಿಲ್ಲ, ಲಿಫ್ಟಿನ ಬಾಗಿಲನ್ನು ನಂಬುದಿಲ್ಲ, ಈಗ ನಾನು ಒಂದೇ ಬೆರಳಲ್ಲಿ ಕುಟ್ತಾ ಇರುವ ಈ ಫೋನನ್ನಂತೂ ನಂಬುದೇ ಇಲ್ಲ. ಒಂದಕ್ಷರ ಒತ್ತುವ ಮೊದ್ಲೇ ಮುಂದಿನ ಶಬ್ದ ಇದಕ್ಕೆ ಗೊತ್ತಿರ್ತದೆ. ಯಾರು ಹೇಳಿದ್ದು ಇದಕ್ಕೆ? ಮನೆಯಲ್ಲಿ ಮೊಮ್ಮಗ ಹುಟ್ಟಿದ ವಾರವೇ ನನಗೆ ಡಯಾಪರಿನ ಜಾಹೀರಾತು ತೋರ್ಸಿತು. ನಾನು ಇದರ ಹತ್ರ ಮಗು ಹುಟ್ಟಿದ ಸುದ್ದಿ ಎತ್ತಿರ್ಲಿಲ್ಲ, ದೇವರಾಣೆ.

ಇರ್ಲಿ. ಹೆಸರಿನ ಮಾತು ಯಾಕೆ ಬಂತು ಅಂದ್ರೆ, ಸ್ಟೇಶನಿನ ಹೊರಗೆ ಒಬ್ಬ ಕೀಚೈನ್ ಮಾರ್ತಾನೆ, ನೀವು ನೋಡಿರ್ಬಹುದು. ಒಂದು ಜಾಲರಿ, ಜಾಲರಿಗೆ ಸಾಲು ಕೊಕ್ಕೆ, ಒಂದೊಂದು ಕೊಕ್ಕೆಗೆ ಒಂದೊಂದು ಹೆಸರು. ಸ್ವಲ್ಪ ದಿನದ ಹಿಂದೆ ಕೊತ್ತಂಬರಿ ಸೊಪ್ಪು ತೆಕ್ಕೊಂಡು ಬರುವಾಗ ಸುಮ್ಮನೆ ನಿಂತು ನೋಡಿದೆ. ಆರವ್, ವಿಹಾನ್, ಕಿಯಾನ್, ಮೈರಾ, ಅನಾಯಾ. ಬಾಯಿ ತೆರೆದು ಆಕಳಿಸುವಾಗ ಬರುವ ಸ್ವರದ ಹಾಗೆ ಹೆಸರುಗಳು. ಅದರ ನಡುವೆ ಮಾಧವ್. ಒಂದಲ್ಲ, ಎರಡಲ್ಲ, ಬಾಳೆಗೊನೆ ತೂಗಿದ ಹಾಗೆ ತೂಗ್ತಾ ಉಂಟು. ಬಗ್ಗಿ ಮತ್ತೊಮ್ಮೆ ಓದಿದೆ. ಯಾಕಂದ್ರೆ ಮಾಧವ ಅಂದ್ರೆ ನಮ್ಮ ಇವರ ಹೆಸರು.

ಕಂಡ್ರಾ, ಬರೆದೇಬಿಟ್ಟೆ! ಗಂಡನ ಹೆಸರು ಬಾಯಲ್ಲಿ ಹೇಳ್ಬಾರ್ದು ಅಂತ ನನ್ನ ಅತ್ತೆ ಹೇಳಿದ್ದು. ಬೆರಳಲ್ಲಿ ಒತ್ತಬಾರ್ದು ಅಂತ ಅವರು ಹೇಳ್ಲಿಲ್ಲ. ಆದ್ರೂ ಒತ್ತಿದ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿದೆ, ಅತ್ತೆ ನಿಂತಿದ್ದಾರಾ ಅಂತ. ಇಲ್ಲಿಯ ಮರಾಠಿ ಹೆಂಗಸರಿಗೆ ಈ ವಿಷಯದಲ್ಲಿ ನನ್ನ ಮೇಲೆ ಹಳೇ ದ್ವೇಷ. ಹಳದಿ ಕುಂಕುಮಕ್ಕೆ ಕರೀತಾರೆ, ಕೂರ್ಸ್ತಾರೆ, ಆಮೇಲೆ "ನಾವ್ ಘ್ಯಾ, ನಾವ್ ಘ್ಯಾ" ಅಂತ, ಅಂದ್ರೆ ಹೆಸರು ಹೇಳು ಅಂತ, ಮುತ್ತಿಗೆ ಹಾಕ್ತಾರೆ. ಒಂದು ಪ್ರಾಸದ ಪದ್ಯ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರ್ಸಿ ಹೇಳ್ಬೇಕಂತೆ. ನಾನು ಪ್ರತಿ ಸಲ ಎಳ್ಳುಂಡೆ ಇಡೀದು ಬಾಯಿಗೆ ಹಾಕಿ ಕಣ್ಣಲ್ಲೇ ಕ್ಷಮೆ ಕೇಳ್ತೇನೆ.

ಹೆಸರಿನ ಫ್ಯಾಶನ್ ನಮ್ಮ ಕಾಲದಲ್ಲಿ ಇರ್ಲಿಲ್ಲ ಅಂತ ಅಲ್ಲ. ಕುಂದಾಪುರದ ಹತ್ರ ನಮ್ಮ ಶಾಲೆಯಲ್ಲಿ ಮೇಷ್ಟ್ರು "ಶಾರದೆ" ಅಂದ್ರೆ ಅರ್ಧ ಬೆಂಚು ಎದ್ದು ನಿಲ್ತಿತ್ತು. ಗುರ್ತಕ್ಕೆ ನಾವೇ ಒಂದೊಂದು ಬಾಲ ಅಂಟಿಸಿದ್ದು. ಬಾವಿಕಟ್ಟೆ ಶಾರದೆ, ಅಂಗಡಿ ಶಾರದೆ, ಸಿಂಬಳ ಶಾರದೆ. ಈ ಸಿಂಬಳ ಶಾರದೆ ಮದುವೆಯಾಗಿ ಇಲ್ಲೇ ಹತ್ರದ ಕಲ್ಯಾಣ್‌ಗೆ ಬಂದು ಈಗ ಅಲ್ಲಿ ಹೆಂಗಸರ ಮಂಡಳಿಗೆ ಅಧ್ಯಕ್ಷೆ. ಜರಿ ಸೀರೆ ಉಟ್ಟು ಮೈಕಿನ ಎದುರು ನಿಂತು "ನಮ್ಮ ಸಂಸ್ಕೃತಿ" ಅಂತ ಶುರು ಮಾಡ್ತಾಳೆ. ನಾನು ಮುಂದಿನ ಸಾಲಲ್ಲೇ ಕೂತು ಅವಳ ಮೂಗು ನೋಡ್ತೇನೆ. ನಾನು ಎಂತ ನೋಡುದು ಅಂತ ಅವಳಿಗೆ ಸರಿಯಾಗಿ ಗೊತ್ತು. ಎರಡು ವಾಕ್ಯ ಬಿಟ್ಟೇ ಹೋಗ್ತದೆ.

ನಾವೇನು ಕಮ್ಮಿಯಾ? ಮಗ ಹುಟ್ಟಿದಾಗ ನಾವು ಕೋಪರಿಯ ಚಾಳಿನಲ್ಲಿದ್ದೆವು. ಪ್ರಶಾಂತ ಅಂತ ಇಟ್ಟೆವು. ಲೋಕದಲ್ಲೇ ಇಲ್ಲದ ಹೆಸರು ಹುಡುಕಿ ತಂದ ಹೆಮ್ಮೆ. ಶಾಲೆಗೆ ಹಾಕಿದ ದಿನ ನೋಡ್ತೇನೆ, ಬಾಗಿಲ ಹತ್ರ ನಿಂತು ಅಳುವ ಗಂಡುಮಕ್ಕಳಲ್ಲಿ ಯಾರ ಕಣ್ಣೊರಸಿ ಹೆಸರು ಕೇಳಿದ್ರೂ ಪ್ರಶಾಂತ. ಟೀಚರ್ ಪಾಪ, ಯಾವ ಪ್ರಶಾಂತ ಯಾವ ಅಮ್ಮನ ಜೊತೆ ಹೋಗ್ಬೇಕು ಅಂತ ಡಬ್ಬಿಯ ಬಣ್ಣ ನೋಡಿ ಕಳಿಸ್ತಿದ್ದರು.

ಆದ್ರೆ ಇವರ ಹೆಸರಿನ ಕತೆ ಬೇರೆ. ಇವರು ಮೀಸೆ ಬರುವ ಮೊದ್ಲು ಊರಿಂದ ಬಂದು ಕೋಪರಿಯ ಒಂದು ಹೋಟೆಲಿಗೆ ಸೇರಿದ್ದು. ಅಲ್ಲಿ ಮೊದ್ಲೇ ಇಬ್ಬರು ಮಾಧವಂದಿರು. ಒಬ್ಬ ದೋಸೆಕಲ್ಲಿಗೆ, ಒಬ್ಬ ಗಲ್ಲಾಪೆಟ್ಟಿಗೆಗೆ. ಧಣಿಗಳು ಇವರನ್ನು ಮೇಲಿಂದ ಕೆಳಗೆ ನೋಡಿ, "ಮತ್ತೂ ಒಬ್ಬ ಮಾಧವನಾ? ಸಾಕು ಮಾರಾಯ. ನೀನು ಹೊಸಬ" ಅಂದ್ರಂತೆ. ಅಷ್ಟೇ, ಆ ದಿನದಿಂದ ಹೊಸಬ. ಆ ಇಬ್ಬರು ಮಾಧವಂದಿರು ಊರಿಗೆ ಹೋದ್ರು. ಹೊಸಬನ ಕೈಕೆಳಗೆ ಎಷ್ಟೋ ಹೊಸಬರು ಬಂದ್ರು. ಹೊಸಬನ ತಲೆ ಬೆಳ್ಳಗಾಯ್ತು, ಕಡೆಗೆ ಹೋಟೆಲಿನಲ್ಲಿ ಪಾಲೂ ಸಿಕ್ಕಿತು. ಆದ್ರೂ ಅಡಿಗೆಮನೆಯಿಂದ "ಹೊಸಬಣ್ಣಾ, ಸಾಂಬಾರು ಮುಗೀತು" ಅಂತಲೇ ಕೂಗುದು. ಗಿರಾಕಿಗಳಿಗೆ ಅಣ್ಣಾ, ಮುಂಬೈಯಲ್ಲಿ ಇಡ್ಲಿ ಕೊಟ್ಟವರೆಲ್ಲ ಅಣ್ಣಾ. ಮಕ್ಕಳಿಗೆ ಅಪ್ಪ. ನನಗೆ "ಓ ಇವರೇ", ಇಲ್ಲದಿದ್ರೆ "ಕೇಳಿತಾ?" ಸಿಟ್ಟು ಬಂದ್ರೆ ಬರೀ ಪಾತ್ರೆಯ ಸದ್ದು. ಮದುವೆಗೆ ಬಂದ ಸ್ಟೀಲ್ ಡಬ್ಬಿಯನ್ನು ಪ್ಲಾಸ್ಟಿಕ್ ಬಿಚ್ಚದೆ ಅಟ್ಟಕ್ಕೆ ಹಾಕಿದ ಹಾಗೆ ಆ ಹೆಸರು ಬಳಸದೆ ಉಳಿದುಹೋಗಿತ್ತು.

ಈಗ ಬಾರಸೆಗೆ ಬರ್ತೇನೆ. ಬಾರಸೆ ಅಂದ್ರೆ ಇಲ್ಲಿಯವರ ನಾಮಕರಣ. ಸೊಸೆ ಮಾನಸಿ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮರಾಠಿ ಹುಡುಗಿ. ಒಳ್ಳೆಯವಳು, ಆದ್ರೆ ಹಳೇದು ಕಂಡ್ರೆ ಆಗುದಿಲ್ಲ. ಬಂದ ವರ್ಷ ನನ್ನ ಕಡೆಯುವ ಕಲ್ಲು ಹೋಯ್ತು. ಮರುವರ್ಷ ಇವರ ಗಡಿಯಾರ ಹೋಯ್ತು, ಟಣ್ ಟಣ್ ಅಂತದೆ ಅಂತ. ನಾನು ಸ್ವಲ್ಪ ದಿನ ಬಾಗಿಲ ಹತ್ರ ಕೂರುದೇ ಬಿಟ್ಟಿದ್ದೆ, ಗುಜರಿ ಕೊಳ್ಳುವ ಭಂಗಾರ್‌ವಾಲಾ ನನ್ನನ್ನೂ ತೂಗಿದ್ರೆ ಕಷ್ಟ. ಮಗು ಹುಟ್ಟಿದ ಮೇಲೆ ಹೆಸರು ಏನು ಅಂತ ಕೇಳಿದ್ರೆ, ಅವಳೂ ಪ್ರಶಾಂತನೂ ಎಟಿಎಮ್ ಪಿನ್ನಿನ ಹಾಗೆ ಬಾಯಿ ಮುಚ್ಚಿದ್ರು. ಮೊದ್ಲೇ ಹೇಳಿದ್ರೆ ಬೇರೆಯವರು ಕದೀತಾರಂತೆ. ಹೇಳುವಾಗ ನನ್ನ ಫೋನನ್ನೇ ನೋಡ್ತಿದ್ರು. ನನ್ನ ಮೇಲೆ ಸಂಶಯ! ಸಂಶಯ ಪಡುದು ನನ್ನ ಇಲಾಖೆ, ಇವರು ಯಾಕೆ ಕೈ ಹಾಕ್ಬೇಕು?

ಹೆಸರು ಇಡುದು ಅಪ್ಪನ ಅಕ್ಕತಂಗಿಯ ಹಕ್ಕು ಅಂತ ಇಲ್ಲಿಯ ಕ್ರಮ. ಹಾಗೆ ನನ್ನ ಮಗಳು ವೀಣಾ ಸೀವುಡ್ಸಿನಿಂದ ಬಂದ್ಲು. ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ "ಕುರ್ರ್" ಅಂದ್ಲು. ಸುತ್ತ ಇದ್ದ ಹೆಂಗಸರು ಶಾಸ್ತ್ರ ಅಂತ ಅವಳ ಬೆನ್ನಿಗೆ ದಬದಬ ಗುದ್ದಿದ್ರು. ನಾನೂ ಒಂದು ಗುದ್ದಿದೆ, ಹೆತ್ತವಳಿಗೆ ಇಂಥ ಅವಕಾಶ ಮತ್ತೆ ಯಾವಾಗ ಸಿಗ್ತದೆ? ಅವಳು ಬೆನ್ನು ತಿಕ್ಕುತ್ತಾ ಎದ್ದು ಗಟ್ಟಿಯಾಗಿ ಹೇಳಿದ್ಲು, "ಮಾಧವ!"

ಪೇಢೆಯ ಡಬ್ಬಿ ಹಿಡಿದು ನಿಂತಿದ್ದ ಇವರು, "ಎಂತದು?" ಅಂದ್ರು.

"ಮಾಧವ, ಅಪ್ಪಾ! ನಿಮ್ಮ ಹೆಸರು!"

ಇವರು ಡಬ್ಬಿಯನ್ನು ಯಾರದೋ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ನಳ್ಳಿ ಬಿಟ್ರು. ತುಂಬಾ ಹೊತ್ತು ನೀರು ಬೀಳ್ತಾ ಇತ್ತು. ಹೊರಗೆ ಎಲ್ಲರ ಕಣ್ಣಲ್ಲೂ ನೀರು. ನನ್ನ ಕಣ್ಣು ಮಾತ್ರ ಒಣಗಿತ್ತು, ಯಾಕಂದ್ರೆ ಅದು ಮಾನಸಿಯ ಮುಖದ ಮೇಲೆ ಇತ್ತು. ಗಡಿಯಾರ ಇಟ್ಟುಕೊಳ್ಳದವಳು ಗಡಿಯಾರದ ಯಜಮಾನನ ಹೆಸರು ಇಟ್ಟುಕೊಂಡ್ಲಾ? ಇದರಲ್ಲಿ ಎಂತದೋ ಉಂಟು ಅಂದೆ, ಮನಸ್ಸಲ್ಲೇ.

ಬಾರಸೆಯ ಮರುದಿನದಿಂದ ಇವರು ಬೇರೆ ಮನುಷ್ಯ. ಬೆನ್ನು ನೆಟ್ಟಗಾಯ್ತು. ದಿನಾ ಗಡ್ಡ ಕೆರೆದಾಯ್ತು. ಊರಲ್ಲಿ ಬದುಕಿದ್ದವರಿಗೆಲ್ಲ ಫೋನು: "ನನ್ನ ಮಗ ನನ್ನ ಹೆಸರು ಇಟ್ಟ." ಇದರಲ್ಲಿ ಒಂದು ವಿಷಯ ನಿಮಗೆ ಹೇಳ್ಬೇಕು. ಪ್ರಶಾಂತ ಹೋಟೆಲ್ ಬೇಡ ಅಂತ ಠಾಣೆಯಲ್ಲಿ ಆಫೀಸು ಸೇರಿದ ಮೇಲೆ ಅಪ್ಪ ಮಗನಿಗೆ ಸರಿಯಾಗಿ ಮಾತಿರ್ಲಿಲ್ಲ. ಇಬ್ಬರ ನಡುವೆ ಪೋಸ್ಟಾಫೀಸು ನಾನು. "ಅಪ್ಪನಿಗೆ ಹೇಳು, ಮಾತ್ರೆ ತಂದಿದ್ದೇನೆ." "ಅವನಿಗೆ ಹೇಳು, ಕಂಡಿತು." ಒಂದೇ ಸೋಫಾದಲ್ಲಿ ಕೂತು ಹೀಗೆ. ಬಾರಸೆ ಆದ ಮೇಲೆ ಇಬ್ಬರೂ ನೇರ ಮಾತಾಡ್ತಾರೆ. ಮಗ ಸಂಜೆ ಬೂಟು ಬಿಚ್ಚುವ ಮೊದ್ಲೇ ಇವರು, "ಪ್ರಶಾಂತಾ, ಇವತ್ತು ಮಾಧವ ಎರಡು ಸಲ ಮಗುಚಿ ಬಿದ್ದ!" ಅಂತಾರೆ. ಆ ಹೆಸರನ್ನು ಹೇಳುವಾಗ ಬಾಯಲ್ಲಿ ಕಲ್ಲುಸಕ್ಕರೆ ಇದ್ದ ಹಾಗೆ ಮಾಡ್ತಾರೆ. ಪೋಸ್ಟಾಫೀಸಿಗೆ ಬೀಗ ಬಿತ್ತು. ನನಗೆ ಸಂತೋಷವೇ, ಆದ್ರೂ ಸ್ವಲ್ಪ ಕೆಲಸ ಹೋದ ಬೇಸರ.

ಆ ಹೊತ್ತಿಗೇ ಈ ಕೀಚೈನ್ ಕಂಡದ್ದು. ಮಾರುವವ ವಿಜಾಪುರದ ಕಡೆಯವ. ಕೊಕ್ಕೆ ತೋರ್ಸಿ, "ಇದು ಹೋಗ್ತದಾ ಮಾರಾಯ?" ಕೇಳಿದೆ.

"ಏನ್ ಕೇಳ್ತೀರಿ ಅಮ್ಮಾರ! ಈಗ ಇದ ನಡದೈತ್ರಿ. ಹುಟ್ಟಿದ ಕೂಸಿಗೆಲ್ಲಾ ಮಾಧವ, ಮಾಧವ. ತರಾಕ ಪುರಸೊತ್ತಿಲ್ಲ ನನಗ."

"ಪಕ್ಕದ ಕಿಯಾನ್?"

"ಅದೂ ಭಾಳ ನಡದೈತ್ರಿ."

ಇವನನ್ನೂ ನಂಬುವ ಹಾಗಿಲ್ಲ. ವ್ಯಾಪಾರದವನಿಗೆ ಎಲ್ಲವೂ ನಡೆದಿರ್ತದೆ. ಸ್ವಂತ ಕಿವಿಯಲ್ಲಿ ಕೇಳುವ ಅಂತ ನಮ್ಮ ಸೊಸೈಟಿಯ ಗಾರ್ಡನಿಗೆ ಹೋದೆ. ಆಟದ ಮಕ್ಕಳು ತುಂಬಾ ಇದ್ದವು. ಸುಲಭದ ಕೆಲಸ, ಒಮ್ಮೆ ಗಟ್ಟಿಯಾಗಿ ಕೂಗುದು, ಎಷ್ಟು ಮಂಡೆ ತಿರುಗ್ತದೆ ನೋಡುದು. ಬಾಯಿ ತೆರೆದೆ. "ಮಾ..." ಅಂತ ಬಂತು, ಮುಂದೆ ಬರ್ಲಿಲ್ಲ. ಅತ್ತೆ ಸ್ವರ್ಗದಿಂದ ಗಂಟಲು ಒತ್ತಿ ಹಿಡಿದ ಹಾಗೆ. ಹತ್ರ ಕೂತಿದ್ದ ಹುಡುಗಿ ನನಗೆ ನೀರಿನ ಬಾಟ್ಲಿ ಕೊಟ್ಲು. ಕುಡಿದು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಗೇಟಿನ ಹತ್ರ ಒಬ್ಬಳು ತಾಯಿ ಬಂದು "ಮಾಧವ್, ಚಲ್ ಘರೀ!" ಅಂದ್ಲು, ಮನೆಗೆ ನಡಿ ಅಂತ. ಜಾರುಬಂಡೆಯಿಂದ ಒಬ್ಬ, ಉಯ್ಯಾಲೆಯಿಂದ ಒಬ್ಬ, ಹೊಯ್ಗೆಯಿಂದ ಮಣ್ಣು ಮೆತ್ತಿದ ಮುಖ ಎತ್ತಿ ಮತ್ತೊಬ್ಬ. ನನ್ನ ಮೊಮ್ಮಗನ ಹೆಸರು ಅಲ್ಲಿ ಉರುಳಾಡ್ತಾ ಇತ್ತು.

ಮನೆಗೆ ಬಂದು ಮಾನಸಿಯನ್ನು ಬಟ್ಟೆ ಮಡಚುವ ನೆಪದಲ್ಲಿ ಹಿಡಿದೆ.

"ಮಗಾ, ಈ ಹೆಸರು ನಿನಗೆ ಹೇಗೆ ಹೊಳೀತು?"

"ಆಯಿ, ಖೂಪ್ ಟ್ರೆಂಡಿಂಗ್ ಆಹೆ! ಸಗಳೀಕಡೆ ಹೇಚ್ ನಾವ್. ಕಿತೀ ಕ್ಯೂಟ್ ನಾ?" ಅಂದ್ಲು. ಎಲ್ಲ ಕಡೆ ಇದೇ ಹೆಸರಂತೆ, ಕ್ಯೂಟ್ ಅಂತೆ.

"ಮತ್ತೆ ನಿನ್ನ ಮಾವನ ಹೆಸರು?"

"ಅರೇ ಹೋ! ತೇ ತರ್ ಬೋನಸ್!"

ಬೋನಸ್ಸು! ಆಮೇಲೆ ಅವಳು ನನ್ನನ್ನೇ ಒಂದು ಥರ ನೋಡಿ, "ತುಮ್ಹಾಲಾ ಆವಡ್ಲ ನಾಹೀ ಕಾ? ನಿಮಗೆ ಇಷ್ಟ ಆಗ್ಲಿಲ್ವಾ? ನೀವು ಅವನನ್ನು ಹೆಸರು ಹಿಡಿದು ಕರೆಯುದೇ ಇಲ್ಲ, ಪುಟ್ಟು ಪುಟ್ಟು ಅಂತೀರಿ" ಅಂದ್ಲು. ಅವಳಿಗೆ ಹೇಗೆ ಹೇಳುದು, ಹೆಸರು ಇಷ್ಟ ಇಲ್ಲದ್ದಲ್ಲ, ಇಷ್ಟು ವರ್ಷ ಹಲ್ಲಿನ ಹಿಂದೆ ಇಟ್ಟುಕೊಂಡದ್ದು ಅಂತ. ಚಡ್ಡಿಗಳನ್ನು ಮಡಚಿದೆ.

ಈಗ ಸತ್ಯ ನನ್ನ ಕೈಯಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ. ಮಗ ತನಗಾಗಿ ಇಟ್ಟ ಅಂತ ಮುದುಕರು ಎದೆ ಉಬ್ಬಿಸಿ ತಿರುಗ್ತಾ ಇದ್ದಾರೆ. ಅದು ಫ್ಯಾಶನ್ನಿಗೆ ಇಟ್ಟದ್ದು ಅಂತ ಗೊತ್ತಾದ್ರೆ? ಬೆನ್ನು ಮತ್ತೆ ಬಾಗ್ತದೆ. ಸೋಫಾದಲ್ಲಿ ಮತ್ತೆ "ಅವನಿಗೆ ಹೇಳು" ಶುರುವಾಗ್ತದೆ. ನಾನು ನಿಶ್ಚಯ ಮಾಡಿದೆ, ಇವರ ಕಿವಿಗೆ ಇನ್ನೊಬ್ಬ ಮಾಧವ ಬೀಳ್ಬಾರ್ದು. ಎಡಗಿವಿ ಹೇಗೂ ಮಂದ. ಉಳಿದದ್ದು ಗಾರ್ಡನ್. ಮೊದ್ಲು ಇವರು ದಿನಾ ಸಂಜೆ ಅಲ್ಲಿ ಬೆಂಚಿನಲ್ಲಿ ಪೇಪರ್ ಹಿಡ್ಕೊಂಡು ಕೂರ್ತಿದ್ದವರು. ಮಗು ಬಂದ ಮೇಲೆ ಮನೆ ಬಿಟ್ಟು ಹೋಗಿರ್ಲಿಲ್ಲ. ಈಗ ಮಳೆ ಬಿಟ್ಟು ಬಿಸಿಲು ಬಂದದ್ದೇ, "ಮಗುವನ್ನು ಗಾರ್ಡನಿಗೆ ಕರ್ಕೊಂಡು ಹೋಗ್ತೇನೆ" ಅಂತ ಶುರು ಮಾಡಿದ್ರು.

"ಅಲ್ಲಿ ಡೆಂಗೂ ಸೊಳ್ಳೆ ಉಂಟಂತೆ" ಅಂದೆ.

"ಮೊನ್ನೆಯಲ್ವಾ ಹೊಗೆ ಬಿಟ್ಟದ್ದು?"

"ಅದೇ, ಹೊಗೆಯ ವಾಸನೆ ಮಗುವಿಗೆ ಆಗುದಿಲ್ಲ."

ಮರುದಿನ ನಾಯಿ ಕಚ್ಚುತ್ತದೆ ಅಂದೆ. ಅದರ ಮರುದಿನ ಒಂದು ರಾಶಿ ಬೆಳ್ಳುಳ್ಳಿ ಮುಂದೆ ಇಟ್ಟು ಸುಲಿಯಲಿಕ್ಕೆ ಕೂರ್ಸಿದೆ. ಒಮ್ಮೆ ಚಪ್ಪಲಿ ಅಡಗಿಸಿದೆ, ಆದ್ರೆ ಎಲ್ಲಿ ಅಡಗಿಸಿದ್ದು ಅಂತ ನನಗೇ ಮರೆತು, ಇಬ್ಬರೂ ಸೇರಿ ಹುಡುಕಿದ್ದಾಯ್ತು. ಸಿಕ್ಕಿದ್ದು ವಾಶಿಂಗ್ ಮಶೀನಿನ ಹಿಂದೆ. ಇವರು ಚಪ್ಪಲಿಯನ್ನೂ ನನ್ನನ್ನೂ ನೋಡಿದ್ರು.

"ಗಾರ್ಡನಲ್ಲಿ ನೀನು ಯಾರ ಹತ್ರವಾದ್ರೂ ಜಗಳ ಮಾಡಿದ್ದೀಯಾ?"

"ನಾನ್ಯಾಕೆ ಜಗಳ ಮಾಡ್ಲಿ?"

"ಹಾಗಾದ್ರೆ ಎಂತದೋ ಉಂಟು" ಅಂದ್ರು. ನೋಡಿ, ನನ್ನ ಮಾತನ್ನೇ ಕದ್ದದ್ದು.

ಕಡೆಗೆ ಮೊನ್ನೆ ನಾನು ತಲೆಗೆ ಎಣ್ಣೆ ಹಾಕ್ಕೊಂಡು ಕೂತಿರುವಾಗ ಮನೆ ಭಾರೀ ಶಾಂತ ಅನ್ನಿಸಿತು. ಶಾಂತ ಇದ್ರೆ ನನಗೆ ಹೆದರಿಕೆ. ನೋಡ್ತೇನೆ, ಇವರಿಲ್ಲ, ಮಗುವಿಲ್ಲ, ಮಗುವಿನ ಗಾಡಿಯೂ ಇಲ್ಲ. ಎಣ್ಣೆ ತಲೆಯಲ್ಲೇ ಓಡಿದೆ. ಲಿಫ್ಟಿಗೆ ಕಾಯ್ಲಿಲ್ಲ. ಗಾರ್ಡನಿನ ಗೇಟಿಗೆ ಮುಟ್ಟುವಾಗ ಉಸಿರು ಬಾಯಿಗೆ ಬಂದಿತ್ತು.

ಇವರು ಅದೇ ಹಳೇ ಬೆಂಚಿನಲ್ಲಿ. ತೊಡೆ ಮೇಲೆ ಪುಟ್ಟು. ನಾನು ಹತ್ರ ಹೋಗುದಕ್ಕೂ, ಹೊಯ್ಗೆಯ ಹತ್ರ ಒಬ್ಬಳು "ಮಾಧವ್, ಮಾತೀ ಖಾವೂ ನಕೋ!" ಅಂತ ಕಿರಿಚುದಕ್ಕೂ ಸರಿಯಾಯ್ತು. ಮಣ್ಣು ತಿನ್ಬೇಡ ಅಂತ. ಅದು ಮುಗಿಯುವ ಮೊದ್ಲೇ ಆ ಕಡೆಯಿಂದ ಇನ್ನೊಬ್ಬಳು, "ಮಾಧವ್, ಖಾಲೀ ಉತರ್!" ಕೆಳಗೆ ಇಳಿ ಅಂತ. ನಾನು ಹೋಗಿ ಇವರ ಎದುರು ಸೆರಗು ಅಗಲ ಮಾಡಿ ನಿಂತೆ, ನಾಟಕದ ಪರದೆಯ ಹಾಗೆ. ಸ್ವರಕ್ಕೆ ಪರದೆ ಕಟ್ಟಿದ್ರೆ ಎಂತ ಪ್ರಯೋಜನ, ಅದು ಆಗ ಹೊಳೀಲಿಲ್ಲ.

"ಬದಿಗೆ ಹೋಗು, ಗಾಳಿಗೆ ಅಡ್ಡ ಬರ್ಬೇಡ" ಅಂದ್ರು.

"ನಿಮಗೆ... ಕೇಳಿತಾ?"

"ಎಡಗಿವಿ ಮಾತ್ರ ಮಂದ. ಬಲದ್ದು ಸರಿ ಉಂಟು. ಮನೆಯಲ್ಲಿ ನಿನಗೆ ಎಡಗಿವಿ ಕೊಡುದು, ಅದಕ್ಕೆ ನಿನಗೆ ಗೊತ್ತಿಲ್ಲ."

ನಾನು ಕೂತೆ. ಇನ್ನು ಮುಚ್ಚಿಡ್ಲಿಕ್ಕೆ ಎಂತ ಉಂಟು? "ನೋಡಿ, ಬೇಜಾರು ಮಾಡ್ಬೇಡಿ. ಮಕ್ಕಳು ಫ್ಯಾಶನ್ ನೋಡಿ ಇಟ್ಟದ್ದೇ ಇರ್ಬಹುದು. ಆದ್ರೂ ಹೆಸರು ನಿಮ್ಮದೇ ಅಲ್ವಾ" ಅಂದೆ. ಸ್ವರ ನನಗೇ ಗೊತ್ತಾಗದ ಹಾಗೆ ಸಣ್ಣಗಾಯ್ತು.

ಇವರು ನಕ್ಕದ್ದಕ್ಕೆ ಪುಟ್ಟುವೂ ಬೆಚ್ಚಿತು.

"ಫ್ಯಾಶನ್ ಅಂತ ಮಾನಸಿಗೆ ಹೇಳಿದ್ದು ಯಾರು ಅಂತ ಮಾಡಿದ್ದೀ? ನಾನೇ. ಅವಳಿಗೆ ಏಳು ತಿಂಗಳಿರುವಾಗ ದಿನಾ ಇಲ್ಲಿಂದ ಹೋಗಿ ಸುದ್ದಿ ಹೇಳ್ತಿದ್ದೆ. ಗಾರ್ಡನಿನ ಚಂದದ ಮಕ್ಕಳಿಗೆಲ್ಲ ಒಂದೇ ಹೆಸರು ಮಾರಾಯ್ತಿ, ಎಂತದೋ ಮಾಧವ್ ಅಂತೆ, ಅಂತ. ನನ್ನದು ಅಂತ ಹೇಳ್ಲೇ ಇಲ್ಲ. ನನ್ನ ಹೆಸರು ಇಡಿ ಅಂತ ಕೇಳಿದ್ರೆ ಗಡಿಯಾರದ ಗತಿ ಆಗ್ತಿತ್ತು."

ಇಷ್ಟು ದಿನ ಲೋಕವನ್ನೆಲ್ಲ ಸಂಶಯಪಟ್ಟೆ, ಪಕ್ಕದಲ್ಲಿ ಮಲಗುವವರನ್ನು ಬಿಟ್ಟುಬಿಟ್ಟಿದ್ದೆ.

"ಮತ್ತೆ ಊರಿಗೆಲ್ಲ ಫೋನ್ ಮಾಡಿ ಮಗ ಇಟ್ಟ, ಮಗ ಇಟ್ಟ ಅಂತ ಹೇಳಿದ್ದು?"

"ಇಟ್ಟದ್ದು ಅವನೇ ಅಲ್ವಾ? ನಾನು ಹಾಗೆ ಹೇಳುದು ಕೇಳಿ ಕೇಳಿ ಈಗ ಅಪ್ಪನಿಗಾಗಿಯೇ ಇಟ್ಟದ್ದು ಅಂತ ಅವನೂ ನಂಬಿದ್ದಾನೆ. ನೀನು ಹೋಗಿ ಹಾಳು ಮಾಡ್ಬೇಡ."

"ನಾನ್ಯಾಕೆ ಹೇಳ್ಲಿ?" ಅಂದೆ. ಆದ್ರೂ ಸೋತು ಮನೆಗೆ ಹೋಗುವ ಹೆಂಗಸಲ್ಲ ನಾನು. "ಅಂತೂ ದಿನಾ ಸಂಜೆ ಪೇಪರ್ ಅಡ್ಡ ಹಿಡಿದು ನೀವು ಮಾಡ್ತಿದ್ದ ಕೆಲಸ ಇದು! ಸ್ವಂತ ಹೆಸರು ಯಾರಾದ್ರೂ ಕೂಗ್ತಾರಾ ಅಂತ ಕದ್ದು ಕೇಳುದು! ನಾಚಿಕೆ ಆಗುದಿಲ್ವಾ?"

ಇವರು ಮಗುವಿನ ಟೊಪ್ಪಿ ಸರಿ ಮಾಡ್ತಾ, ನನ್ನ ಕಡೆ ನೋಡದೆ ಹೇಳಿದ್ರು, "ನಿನ್ನ ಹೆಸರಿಗೂ ಕಿವಿ ಕೊಟ್ಟೇ ಕೂತದ್ದು ಮಾರಾಯ್ತಿ. ಇಷ್ಟರ ತನಕ ಒಬ್ಬಳೂ ಭಾಗೀರಥೀ ಅಂತ ಕೂಗ್ಲಿಲ್ಲ. ನಾನೆಂತ ಮಾಡ್ಲಿ?"